ಮನ್ಸೂರರು ಮುನ್ನೂರಕ್ಕೆ

ಗುಜರಿ ವ್ಯಾಪಾರಿ ಹಳೆಯ ಹಿಂದಿ ಸಿನಿಮಾದ ಒಂದು ಎಲ್‌ಪಿಗೆ ಎರಡೂವರೆ ಸಾವಿರ ಹೇಳುತ್ತಾನೆ. ಅದೇ ಗಂಟಿನಿಂದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಎತ್ತಿ ತೋರಿಸಿದರೆ, ‘ಅದನ್ನ ಮುನ್ನೂರಕ್ಕ ಒಯ್ರಿ ಸರ, ಯಾರೂ ಕೇಳಂಗಿಲ್ಲ’ ಅನ್ನುತ್ತಾನೆ. ಗದಗಿನ ಹತ್ತಿರದ ನಾಗಾವಿಯ ನನ್ನ ಮನೆಯ ಕಪಾಟು ತುಂಬಿದ್ದು ಈ ಎರಡು ಬೆಲೆಗಳ ನಡುವಿನ ಅಂತರದಿಂದಲೇ.

ಆ ಅಂತರಕ್ಕೂ ಸಂಗೀತಕ್ಕೂ ಸಂಬಂಧ ಕಡಿಮೆ. ಆರ್.ಡಿ. ಬರ್ಮನ್ ಹೆಸರಿದ್ದು ಕವರು ಹರಿಯದಿದ್ದರೆ ಬೆಲೆ ತಾನಾಗಿ ಏರುತ್ತದೆ. ಕೊಂಡವರಲ್ಲಿ ಕೆಲವರು ಅದನ್ನು ಗೋಡೆಗೆ ತೂಗುಹಾಕುತ್ತಾರೆ. ರಾಜ್‌ಕುಮಾರ್ ಚಿತ್ರಗಳ ಏಳಿಂಚಿನ ಇಪಿಗಳಿಗೂ ಬೆಂಗಳೂರಿನಲ್ಲಿ ಖಾಯಂ ಗಿರಾಕಿಗಳಿದ್ದಾರೆ. ಇನ್ನೂ ಮೋಜಿನ ಸಂಗತಿ ಬೀಟಲ್ಸ್‌ನದು. ಇಂಗ್ಲೆಂಡಿನವರು 78 ವೇಗದ ಅರಗಿನ ಪ್ಲೇಟು ಕೈಬಿಟ್ಟ ಮೇಲೂ ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ಅವು ತಯಾರಾಗುತ್ತಲೇ ಇದ್ದವು. ಹಾಗಾಗಿ ಬೀಟಲ್ಸ್ ಹಾಡಿನ 78 ಪ್ಲೇಟಿಗಾಗಿ ಇವತ್ತು ಪರದೇಶದ ಸಂಗ್ರಾಹಕರು ಭಾರತದ ಕಡೆ ನೋಡುತ್ತಾರೆ, ದೊಡ್ಡ ಮೊತ್ತವನ್ನೂ ಕೊಡುತ್ತಾರೆ. ಹಾಡು ಎಲ್ಲೆಡೆ ಸಿಗುತ್ತದೆ, ಆ ಪ್ಲೇಟು ಸಿಗುವುದಿಲ್ಲ. ಸಂಗ್ರಾಹಕ ದುಡ್ಡು ಸುರಿಯುವುದು ಸಿಗದಿರುವುದರ ಮೇಲೆ.

ನಮ್ಮ ಕಡೆ ಹಿಂದೂಸ್ತಾನಿ ಗಾಯನದ ಪ್ಲೇಟುಗಳಿಗೆ ಆ ಭಾಗ್ಯವಿಲ್ಲ, ಅದು ಕೇಳುವವನ ಪುಣ್ಯ. ಗದಗ ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ಊರು. ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ರೋಣದಲ್ಲಿ, ಮೊದಲ ಪಾಠ ಹೇಳಿಸಿಕೊಂಡದ್ದು ಕುರ್ತಕೋಟಿಯ ಚನ್ನಪ್ಪನವರಿಂದ. ಅಬ್ದುಲ್ ಕರೀಂ ಖಾನರ ರಿಕಾರ್ಡು ಕೇಳಿ ಹುಚ್ಚು ಹಿಡಿದು 1933ರಲ್ಲಿ ಮನೆ ಬಿಟ್ಟ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಇಂಥ ಸೀಮೆಯ ಹಳೆಯ ಮನೆಗಳಲ್ಲಿ ಖಯಾಲು, ದಾಸರ ಪದದ ಪ್ಲೇಟುಗಳು ಇದ್ದೇ ಇದ್ದವು. ಮನೆ ಕೆಡವಿ ಕಟ್ಟಿಸುವಾಗ ಅವು ಗುಜರಿಗೆ ಬರುತ್ತವೆ.

ಆದರೆ ಮುನ್ನೂರು ರೂಪಾಯಿ ಪ್ಲೇಟಿನ ಬೆಲೆ ಮಾತ್ರ. ಮುಳ್ಳಿನ ಖರ್ಚು ಬೇರೆ. ನನ್ನ ಯಂತ್ರದ ಮುಳ್ಳಿಗೆ ಮೂರು ಸಾವಿರ. ವಜ್ರದ ತುದಿಯದ್ದು ಐನೂರು ಗಂಟೆ ಬಾಳುತ್ತದೆಂದು ಹಿಡಿಯುತ್ತೇನೆ. ತಯಾರಕರು ಇದಕ್ಕಿಂತ ಹೆಚ್ಚು ಹೇಳುವುದುಂಟು, ನಮ್ಮ ಎರಿಹೊಲದ ಧೂಳನ್ನು ಅವರು ಕಂಡಿರಲಿಕ್ಕಿಲ್ಲ. ಗಂಟೆಗೆ ಆರು ರೂಪಾಯಿ ಬಿತ್ತು. ಎಲ್‌ಪಿಯ ಎರಡೂ ಬದಿ ಸೇರಿ ಮುಕ್ಕಾಲು ಗಂಟೆ, ಅಂದರೆ ಒಂದು ಸಲ ಕೇಳಲು ನಾಲ್ಕೂವರೆ ರೂಪಾಯಿ. ಮನ್ಸೂರರನ್ನು ಮೂವತ್ತು ಸಲ ಕೇಳಿದರೆ ಪ್ಲೇಟಿನ ಪಾಲು ಸಲಕ್ಕೆ ಹತ್ತು. ಎಲ್ಲ ಕೂಡಿ ಹದಿನೈದು ರೂಪಾಯಿಯ ಒಳಗೆ ಒಂದು ಬೈಠಕ್. ಆ ಎರಡೂವರೆ ಸಾವಿರದ ಸಿನಿಮಾ ಪ್ಲೇಟನ್ನು ಎರಡು ಸಲ ಹಾಕಿ ಕಪಾಟಿನಲ್ಲಿಟ್ಟರೆ ಸಲಕ್ಕೆ ಸಾವಿರದ ಇನ್ನೂರೈವತ್ತು. ಪ್ಲೇಟು ತುಟ್ಟಿಯೋ ಸೋವಿಯೋ ಎನ್ನುವುದನ್ನು ನಾನು ಹೀಗೆ ಅಳೆಯುತ್ತೇನೆ.

ಈ ಲೆಕ್ಕ ಕೆಡುವುದು ಯಂತ್ರದಲ್ಲಿ ಉಳಿಸಲು ಹೋದಾಗ. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಜ್ ಪ್ಲೇಟಿನ ಮೇಲೆ ಐದಾರು ಗ್ರಾಂ ಭಾರ ಹಾಕುತ್ತದೆ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ಜಿಗೆ ಎರಡು ಗ್ರಾಂ ಸಾಕು. ಭಾರ ಹೆಚ್ಚಾದಷ್ಟೂ ಗೆರೆ ಸವೆಯುತ್ತದೆ. 78ರ ಪ್ಲೇಟಿಗಂತೂ ಗೆರೆ ಅಗಲ, ಮುಳ್ಳೇ ಬೇರೆ. ಈಗಿನ ಎಷ್ಟೋ ಯಂತ್ರಗಳಲ್ಲಿ ಆ ವೇಗವೇ ಇಲ್ಲ. ‘ಐವತ್ತಕ್ಕೊಂದು’ ಎಂದು ಹೊರೆ ಹೊತ್ತು ತರುವ ಮೊದಲು ಇದನ್ನು ನೋಡಿಕೊಳ್ಳಬೇಕು. ಅವನ್ನು ಸ್ಪಿರಿಟ್ ಹಚ್ಚಿ ಒರೆಸಲೂಬಾರದು. ಅರಗು ಕರಗಿ ಹೋಗುತ್ತದೆ.

ಕೊಳ್ಳುವಾಗ ನಾನು ಮೊದಲು ನೋಡುವುದು ಲೇಬಲ್ಲಿನ ಮೇಲಿನ ರಬ್ಬರ್ ಸ್ಟ್ಯಾಂಪು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಮದುವೆ, ಜಾತ್ರೆಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು ತಮ್ಮ ಪ್ಲೇಟಿಗೆಲ್ಲ ಸ್ಟ್ಯಾಂಪು ಒತ್ತುತ್ತಿದ್ದರು. ಸ್ಟ್ಯಾಂಪಿದ್ದರೆ ಆ ಪ್ಲೇಟು ನೂರಾರು ಹಂದರ ಕಂಡಿದೆ ಎಂದೇ ಅರ್ಥ. ಆಮೇಲೆ ನಡುವಿನ ತೂತಿನ ಸುತ್ತ ಕಣ್ಣಾಡಿಸುತ್ತೇನೆ. ಕಂಬಿಗೆ ಸಿಕ್ಕಿಸಲು ತಡಕಾಡಿದ ಗೀರು ಹೆಚ್ಚಿದ್ದಷ್ಟೂ ಅದು ಹೆಚ್ಚು ತಿರುಗಿದೆ. ಕವರಿನ ನಂಬರೂ ಲೇಬಲ್ಲಿನ ನಂಬರೂ ತಾಳೆಯಾಗಬೇಕು. ಕವರು ಒಬ್ಬರದು, ಒಳಗಿನ ದನಿ ಇನ್ನೊಬ್ಬರದು ಆಗಿರುವುದು ಅಪರೂಪವಲ್ಲ. ಮನೆಗೆ ತಂದ ಮೇಲೆ ನಿಲ್ಲಿಸಿಯೇ ಇಡಬೇಕು, ತಗಡಿನ ಮಾಡಿನ ಕೆಳಗಂತೂ ಇಡಬಾರದು. ನಮ್ಮ ಏಪ್ರಿಲ್ ಬಿಸಿಲಿಗೆ ವಿನೈಲ್ ಸೊಟ್ಟಾಗುತ್ತದೆ, ಸೊಟ್ಟಾದದ್ದು ನೆಟ್ಟಗಾಗುವುದು ಕಷ್ಟ.

ಪುಕ್ಕಟೆ ಸಿಗುವುದಕ್ಕೆ ದುಡ್ಡೇಕೆ ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1930ರ ದಶಕದ ಮುದ್ರಿಕೆಗಳು ಎಂದೋ ಎಲ್ಲರ ಸೊತ್ತಾಗಿವೆ. ವಿಕ್ರಮ್ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಲ್ಲಿ ಅಂಥವು ಬಹಳಷ್ಟು ಕೇಳಸಿಗುತ್ತವೆ. ಮೂರು ನಿಮಿಷದ 78 ಪ್ಲೇಟಿನ ಹಾಡು ಅಲ್ಲಿದ್ದರೆ ನಾನು ಪ್ಲೇಟು ಕೊಳ್ಳುವುದಿಲ್ಲ. ನನ್ನ ದುಡ್ಡು ಎಲ್‌ಪಿಗೆ. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಜಾಗ ಸಿಕ್ಕಿದ ಮೇಲೆಯೇ ವಿಲಂಬಿತ ಖಯಾಲು ಪ್ಲೇಟಿನ ಮೇಲೆ ಕಾಲು ಚಾಚಿ ಕೂತದ್ದು. ಅದನ್ನು ಫೋನಿನಲ್ಲಿ ಕೇಳಿದರೆ ನಡುವೆ ಯಾರದೋ ಕರೆ ಬರುತ್ತದೆ.

ಪ್ಲೇಟು ಕೊಳ್ಳುವುದನ್ನು ಹೂಡಿಕೆ ಎಂದು ಹೇಳಿ ಯಾರೂ ನಂಬಿಸಬೇಡಿ. ಎರಡೆರಡು ಪ್ರತಿ ಇದ್ದ ಪ್ಲೇಟುಗಳನ್ನು ಮಾರಲು ಒಯ್ದಾಗ ನನಗೆ ಬಂದದ್ದು ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ತಿಂಗಳಿಗೆ ಸಾವಿರ ರೂಪಾಯಿ ಬೇರೆ ಖಾತೆಗೆ ಹಾಕುತ್ತೇನೆ, ಅದರಲ್ಲಿ ಮುಳ್ಳಿಗೂ ರಿಪೇರಿಗೂ ಮುನ್ನೂರು ಮೀಸಲು, ಉಳಿದದ್ದು ಪ್ಲೇಟಿಗೆ. ಖಾತೆ ಬರಿದಾದರೆ ಗುಜರಿ ಓಣಿಗೆ ಹೋಗುವುದಿಲ್ಲ. ಇಎಂಐ ಮೇಲೆ ಯಂತ್ರ ಕೊಡುವವರೂ ಇದ್ದಾರೆ. ಸಾಲದ ಶಿಸ್ತು ಕಲಿಸಲೆಂದು 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ತಾಲ್ಲೂಕಿನವನು ನಾನು, ಹಾಡು ಕೇಳಲು ಬಡ್ಡಿ ಕಟ್ಟಲಾರೆ.

ಈ ನಿಯಮಗಳಿಗೆ ಒಂದೇ ಹೊರತು ಇಟ್ಟುಕೊಂಡಿದ್ದೇನೆ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ಗಾಂಧಾರಿ ಹುಬ್ಳೀಕರ್ ಎಂಬ ಹೆಸರಿನಲ್ಲಿ ಬಂದವು. ಬಿರುಕಿಲ್ಲದ್ದು, ಸ್ಟ್ಯಾಂಪಿಲ್ಲದ್ದು ಒಂದು ಸಿಕ್ಕರೆ ವರ್ಷದ ಖಾತೆ ಪೂರ್ತಿ ಕೊಡಲು ತಯಾರು. ವ್ಯಾಪಾರಿಗೆ ಮಾತ್ರ ಇದನ್ನು ಹೇಳಿಲ್ಲ.