ಪದದಾಟದ ಗೆಳೆಯರಿಗೆ

ಬೆಳಗಿನ ಪದಬಂಧ ತುಂಬಿಸದೆ ಕಾಫಿ ರುಚಿಸದವರು ನೀವಾದರೆ, ಅಮೆರಿಕದ ‘ವರ್ಡ್ ವೇಸ್’ ಎಂಬ ತ್ರೈಮಾಸಿಕದ ಹಳೆಯ ಸಂಚಿಕೆಗಳನ್ನು ಒಮ್ಮೆ ತಿರುವಿಹಾಕಿ. 1968ರಲ್ಲಿ ಡ್ಮಿಟ್ರಿ ಬೋರ್ಗ್‌ಮನ್ ಸಂಪಾದಕತ್ವದಲ್ಲಿ ಶುರುವಾಗಿ 2020ರವರೆಗೆ ನಡೆದ ಪುಟ್ಟ ಪತ್ರಿಕೆ ಅದು. 1970ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ಸಂಪಾದಿಸಿದವರು ರಾಸ್ ಎಕ್ಲರ್. ಕಾಸಿಗಿಂತ ಹುಚ್ಚೇ ಮುಖ್ಯವಾದ ಕೆಲಸ ಅದು! ಬಟ್ಲರ್ ವಿಶ್ವವಿದ್ಯಾಲಯ ಆ ಸಂಚಿಕೆಗಳನ್ನು ಉಚಿತವಾಗಿ ಓದಲು ಇಟ್ಟಿದೆ.

ಓದಿ, ಆದರೆ ಅಲ್ಲಿಯ ಆಟಗಳನ್ನೆಲ್ಲ ಹಾಗೇ ಎತ್ತಿ ಕನ್ನಡಕ್ಕೆ ತರಲು ಹೋಗಬೇಡಿ. ಅಕ್ಷರ ಕಲಸಿ ಹೊಸ ಪದ ಕಟ್ಟುವ ಆಟ ನಮ್ಮಲ್ಲಿ ಬೇಗ ಸೊರಗುತ್ತದೆ. ‘ಕ’ ಇದ್ದ ಕಡೆ ‘ಕಿ’ ಕೂರುವುದಿಲ್ಲವಲ್ಲ! ಪದಚೌಕ ಮಾತ್ರ ಸೊಗಸಾಗಿ ಒಗ್ಗುತ್ತದೆ. ಇದನ್ನು ನೋಡಿ:

ತ – ಮಾ – ಲ
ಮಾ – ನ – ವ
ಲ – ವ – ಣ

ಅಡ್ಡ ಓದಿದರೂ ತಮಾಲ, ಮಾನವ, ಲವಣ. ಮೇಲಿನಿಂದ ಕೆಳಗೆ ಓದಿದರೂ ಅವೇ ಮೂರು. ಒಂದು ಮನೆಗೆ ಒಂದು ಅಕ್ಷರ; ಕಾಗುಣಿತ, ಒತ್ತು ಎಲ್ಲ ಅದರ ಜೊತೆಗೇ.

ಮೊದಲು ನಡುವಿನ ಪದ ಹಿಡಿಯಿರಿ, ಅದೇ ಕಷ್ಟದ್ದು. ವಿಭಕ್ತಿ ಅಂಟಿಸಿ ಚೌಕ ಮುಗಿಸುವುದು ಸೋಮಾರಿತನ. ನಿಘಂಟಿನಲ್ಲಿ ಸಿಗುವ ಮೂಲರೂಪವನ್ನೇ ಬಳಸಿ. ಮೂರು ಮನೆಯದು ಕೈಗೆ ಹತ್ತಿದ ಮೇಲೆ ನಾಲ್ಕಕ್ಕೆ ಏರಿ. ಗೆಳೆಯರು ನಾಲ್ಕೈದು ಮಂದಿ ಸೇರಿದರೆ ಎಂಟು ಪುಟದ ಜೆರಾಕ್ಸ್ ಪತ್ರಿಕೆಗೆ ಸಾಕಾಗುವಷ್ಟು ಸರಕು ಸಿಗುತ್ತದೆ. ಉತ್ತರಗಳನ್ನು ಮಾತ್ರ ಮುಂದಿನ ಸಂಚಿಕೆಗೇ ಇಟ್ಟುಕೊಳ್ಳಿ.