ಹಾಲಿನ ಕ್ಯಾನು ಹೊರುವ ಸೈಕಲ್ಲಿಗೆ ಗಟ್ಟಿ ಹಿಂದಿನ ಚಕ್ರ



ಸಂಘಕ್ಕೆ ಹಾಲು ಒಯ್ಯಲು, ಮೇವು ಮತ್ತು ಪಶು ಆಹಾರ ತರಲು ನಮ್ಮಲ್ಲಿ ಅನೇಕರಿಗೆ ಸೈಕಲ್ಲೇ ಆಧಾರ. ದಾರಿಯಲ್ಲಿ ಹಿಂದಿನ ಚಕ್ರ ಕೈಕೊಟ್ಟರೆ ಹಾಲು ಅಳೆಯುವ ಹೊತ್ತು ಮೀರುತ್ತದೆ. ಕರೆದ ಹಾಲು ಬಿಸಿಲಲ್ಲಿ ನಿಂತಷ್ಟೂ ಬ್ಯಾಕ್ಟೀರಿಯಾ ಹೆಚ್ಚಿ ಹುಳಿಯಾಗುತ್ತದೆ. ಒಂದು ಹೊತ್ತಿನ ದುಡಿಮೆ ಅಲ್ಲಿಗೆ ವ್ಯರ್ಥ.

ಭಾರ ಬೀಳುವುದೆಲ್ಲಿ?

ತುಳಿಯುವವರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಕ್ಯಾರಿಯರ್ ಮೇಲಿನ ಹೊರೆ ಬಹುತೇಕ ಪೂರ್ತಿ ಅದರದೇ. 60 ಕಿಲೋ ತೂಕದವರು 50 ಕಿಲೋ ಪಶು ಆಹಾರದ ಚೀಲ ಹೇರಿದರೆ ಆ ಒಂದು ಚಕ್ರ 80 ಕಿಲೋಗೂ ಹೆಚ್ಚು ಹೊರುತ್ತದೆ. 20 ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲಿನ ತೂಕವೇ ಸುಮಾರು 41 ಕಿಲೋ.

ಕೊಳ್ಳುವಾಗ ನೋಡಿ

1. ಕಡ್ಡಿ (ಸ್ಪೋಕ್) ಎಣಿಸಿ. ಹಳೆಯ ಮಾದರಿಯ ಭಾರದ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತವೆ. ಹಿಂದೆ ಎಂಟು ಹೆಚ್ಚಿರುವುದು ಈ ಹೊರೆಗಾಗಿಯೇ. 36ಕ್ಕಿಂತ ಕಡಿಮೆ ಬೇಡ. ರಿಮ್ ಅಥವಾ ಹಬ್ ಒಂದನ್ನೇ ಬದಲಿಸುವುದಾದರೆ ಎರಡರ ತೂತುಗಳ ಲೆಕ್ಕ ಸರಿಹೊಂದಬೇಕು.

2. ಹೊರೆಗೆ ಗೇರಿಲ್ಲದ ಸೈಕಲ್ಲೇ ಮೇಲು. ಗೇರಿನ ಹಲ್ಲುಚಕ್ರಗಳು ಹೆಚ್ಚಿದಷ್ಟೂ ಸಾಮಾನ್ಯ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಒಳಗೆ ಸರಿಯುತ್ತದೆ. ಅದರಾಚೆ ಆಧಾರವಿಲ್ಲದೆ ಉಳಿದ ಆಕ್ಸಲ್ ಭಾರಕ್ಕೆ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ.

3. ಉಕ್ಕಿನ ರಿಮ್ ಅಥವಾ ಎರಡು ಪದರದ ಅಲ್ಯೂಮಿನಿಯಂ ರಿಮ್ ಇರಲಿ. ಫ್ರೇಮಿನಲ್ಲಿ ಹಿಡಿಸುವಷ್ಟು ಅಗಲದ ಟೈರ್ ಹಾಕಿಸಿ.

ಕಡ್ಡಿ ಏಕೆ ಮುರಿಯುತ್ತದೆ?

ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿ ತುಸು ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ಮೊದಲೇ ಸಡಿಲವಿದ್ದರೆ ಹಬ್ಬಿನ ಬಳಿ ಬಾಗಿದ ಜಾಗದಲ್ಲಿ ಪ್ರತಿ ಸುತ್ತಿಗೂ ಅಲುಗಾಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ತುಂಡು ಮಾಡುತ್ತೇವಲ್ಲ, ಹಾಗೆಯೇ ಅದೂ ತುಂಡಾಗುತ್ತದೆ. ಒಂದು ಮುರಿದರೆ ಅದರ ಭಾರ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. ಕೂಡಲೇ ಹೊಸದು ಹಾಕಿಸಿ. ಮೇಲಿಂದ ಮೇಲೆ ಮುರಿಯುತ್ತಿದ್ದರೆ ಎಲ್ಲ ಕಡ್ಡಿಗಳನ್ನೂ ಬದಲಿಸುವುದು ಲೇಸು.

ಮನೆಯಲ್ಲೇ ಪರೀಕ್ಷೆ

• ಕಡ್ಡಿಗಳನ್ನು ಬೆರಳಿನಿಂದ ಮೀಟಿ. ಒಂದೇ ಬದಿಯವು ಹೆಚ್ಚುಕಡಿಮೆ ಒಂದೇ ದನಿ ಕೊಡಬೇಕು. ಮಂಕು ದನಿಯದು ಸಡಿಲ.

• ಚಕ್ರ ಎತ್ತಿ ತಿರುಗಿಸಿ. ಬ್ರೇಕಿನ ಬಳಿ ಅಕ್ಕಪಕ್ಕ ಓಲಾಡಿದರೆ ಬೆಂಡ್ ತೆಗೆಸಿ.

• ರಿಮ್ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಕಟಕಟ ಎಂದರೆ ಹಬ್ ಸಡಿಲವಾಗಿದೆ. ಮಳೆಗಾಲ ಮುಗಿದ ಮೇಲೆ ಹಬ್ ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ. ಗುಂಡು ಸವೆದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

• ಹೊರೆ ಹೇರುವ ಮೊದಲು ಗಾಳಿ ನೋಡಿ. ಗಾಳಿ ಕಡಿಮೆಯಿದ್ದರೆ ಕಲ್ಲಿಗೆ ತಾಗಿದಾಗ ರಿಮ್ ನೆಗ್ಗುತ್ತದೆ.

• ಕ್ಯಾನುಗಳನ್ನು ಎರಡೂ ಬದಿಗೆ ಸಮತೂಕವಾಗಿ ಕಟ್ಟಿ. ಹಳ್ಳ ದಿಣ್ಣೆ ಬಂದಾಗ ಇಳಿದು ತಳ್ಳಿ.

ಹೊಸ ಚಕ್ರವಾದರೆ ಹೊರೆ ಹೊತ್ತ ಮೊದಲ ಕೆಲವು ವಾರಗಳಲ್ಲಿ ಕಡ್ಡಿ ಸಡಿಲಾಗಬಹುದು. ತಿಂಗಳೊಳಗೆ ಒಮ್ಮೆ ಸೈಕಲ್ ಶಾಪಿನಲ್ಲಿ ಬಿಗಿ ಮಾಡಿಸಿಕೊಳ್ಳಿ.