ಕಾರಣವನ್ನು ಯಾರು ರುಜುವಾತುಪಡಿಸಬೇಕು?

ಸಮಾನತೆಯ ಕಾನೂನು ಇದ್ದ ಮಾತ್ರಕ್ಕೆ ಸಮಾನತೆ ಬಂದೀತೇ ಎಂಬ ಪ್ರಶ್ನೆ ಹಳೆಯದು. ಅದರ ಒಂದು ಎಳೆಯನ್ನಷ್ಟೇ ಹಿಡಿದು ವಿಚಾರ ಮಾಡುವುದು ಈ ಕಿರುಲೇಖನದ ಉದ್ದೇಶ. ಒಬ್ಬನು ಇನ್ನೊಬ್ಬನನ್ನು ಕೀಳಾಗಿ ನಡೆಸಿಕೊಂಡನೆನ್ನೋಣ. ಹಾಗೆ ನಡೆಸಿಕೊಂಡುದಕ್ಕೆ ಜಾತಿಯೇ ಕಾರಣವೆಂದು ನ್ಯಾಯಾಲಯದಲ್ಲಿ ತೋರಿಸಿಕೊಡುವ ಹೊಣೆ ಯಾರದು?

ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ. ನನ್ನ ಊರು ಅಫಜಲಪುರ ತಾಲ್ಲೂಕಿನ ಘತ್ತರಗಿ. ಭೀಮಾ ನದಿಯ ದಂಡೆ, ಭಾಗ್ಯವಂತಿ ದೇವಿಯ ಸನ್ನಿಧಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಚಿಕ್ಕಂದಿನಲ್ಲಿ ಒಮ್ಮೆ ತಂದೆಯವರೊಡನೆ ದೂರದ ಬೇರೊಂದು ಊರಿಗೆ ಹೋಗಿದ್ದೆ. ಅಲ್ಲಿಯ ಚಹಾದಂಗಡಿಯಲ್ಲಿ ಎಲ್ಲರಿಗೂ ಗಾಜಿನ ಗ್ಲಾಸು. ನಮಗೆ ಮಾತ್ರ ಹೊರಗಿನ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟಿದ್ದ ಎರಡು ಬಟ್ಟಲು. ಕುಡಿದು, ತೊಳೆದು, ಇದ್ದಲ್ಲಿಯೇ ಇಟ್ಟೆವು. ದಾರಿಯಲ್ಲಿ ನಾನು, ಪೊಲೀಸರಿಗೆ ಹೇಳೋಣವೆಂದೆ. “ಏನಂತ ಹೇಳ್ತಿಯೋ ತಮ್ಮಾ? ಅಂವ ಬಾಯಿಬಿಟ್ಟು ಏನರೆ ಅಂದಾನೇನು?” ಎಂದರು ಅಪ್ಪ. ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಇಂಥದೇ ಪ್ರಶ್ನೆ ಅಮೆರಿಕದಲ್ಲಿಯೂ ಎದ್ದಿತ್ತು. ವಾಷಿಂಗ್ಟನ್ ನಗರದ ಪೊಲೀಸು ನೌಕರಿಯ ಪರೀಕ್ಷೆಯೊಂದರಲ್ಲಿ ಬಿಳಿಯರಿಗಿಂತ ಕರಿಯರು ಬಹು ಹೆಚ್ಚಿನ ಪ್ರಮಾಣದಲ್ಲಿ ಅನುತ್ತೀರ್ಣರಾಗುತ್ತಿದ್ದರು. ಪರಿಣಾಮವು ಅಸಮವಾದರೆ ಸಾಲದು, ಭೇದ ಮಾಡುವ ಉದ್ದೇಶವಿತ್ತೆಂದು ತೋರಿಸಬೇಕು ಎಂದು ಆ ದೇಶದ ಸುಪ್ರೀಂ ಕೋರ್ಟು 1976ರಲ್ಲಿ ವಾಷಿಂಗ್ಟನ್ ವಿರುದ್ಧ ಡೇವಿಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಮನಸ್ಸಿನೊಳಗಿನ ಉದ್ದೇಶವನ್ನು ನೊಂದವನು ಹೊರಗೆಳೆದು ತೋರಿಸುವುದಾದರೂ ಹೇಗೆ?

ಈ ಬಗೆಯ ಪ್ರಶ್ನೆಗಳನ್ನು ಕೈಗೆತ್ತಿಕೊಂಡ ಕಾನೂನು ಪಂಡಿತರ ವಿಚಾರಧಾರೆಗೆ ಕ್ರಿಟಿಕಲ್ ರೇಸ್ ಥಿಯರಿ ಎಂದು ಹೆಸರು. ಜನಾಂಗಭೇದವೆಂಬುದು ಕೆಲವು ದುಷ್ಟರ ದುರ್ಗುಣ ಮಾತ್ರವಲ್ಲ, ಅದು ಕಾನೂನು, ಶಾಲೆ, ನೌಕರಿ, ನಿತ್ಯದ ರೂಢಿ ಇವುಗಳಲ್ಲಿ ಬೇರೂರಿದ ಏರ್ಪಾಡು ಎಂಬುದು ಇದರ ಸಾರ. ಕರಿಯರ ಶಾಲಾ ಹಕ್ಕಿಗಾಗಿ ವಕೀಲಿ ಮಾಡಿ ಬಂದ ಡೆರಿಕ್ ಬೆಲ್ ಇದರ ಹಿರಿಯರು. ಭೇದಭಾವವು ಅರಿವಿಗೆ ಬಾರದ ಅಭ್ಯಾಸವಾಗಿಯೂ ಇರಬಲ್ಲದಾದ್ದರಿಂದ ಉದ್ದೇಶವನ್ನೇ ಹುಡುಕುವುದು ತಪ್ಪೆಂದು ಚಾರ್ಲ್ಸ್ ಲಾರೆನ್ಸ್ 1987ರಲ್ಲಿ ವಾದಿಸಿದರು. ಕರಿಯ ಹೆಂಗಸಿನ ಕಷ್ಟವನ್ನು ಬಣ್ಣದ್ದೊಂದು, ಹೆಣ್ತನದ್ದೊಂದು ಎಂದು ಸೀಳಿ ನೋಡಲಾಗದೆಂದು ಕಿಂಬರ್ಲಿ ಕ್ರೆನ್ಶಾ 1989ರಲ್ಲಿ ತೋರಿಸಿಕೊಟ್ಟರು.

ಜಾತಿ ಮತ್ತು ಜನಾಂಗ ಒಂದೇ ಅಲ್ಲ. ಜಾತಿ ಮೈಬಣ್ಣದಲ್ಲಿ ಕಾಣುವುದಿಲ್ಲ. ಹೆಸರು, ಕೇರಿ, ಕಸುಬುಗಳಿಂದ ಗುರುತಾಗುತ್ತದೆ. ಆದರೂ ರುಜುವಾತಿನ ತೊಡಕು ಎರಡಕ್ಕೂ ಸಮಾನ. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ನಿಷೇಧಿಸಿದ ಮೇಲೆ 1955ರಲ್ಲಿ ಬಂದ ಅಧಿನಿಯಮವು ಈ ತೊಡಕನ್ನು ಮೊದಲೇ ಅರಿತಿತ್ತು. ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂದು ಕರೆಯಲ್ಪಡುವ ಅದರ 12ನೆಯ ಕಲಮಿನಂತೆ, ಪರಿಶಿಷ್ಟ ಜಾತಿಯವನ ಮೇಲೆ ಅದರಲ್ಲಿ ಹೇಳಿದ ಅಪರಾಧ ನಡೆದುದು ಸಿದ್ಧವಾದರೆ, ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ನ್ಯಾಯಾಲಯ ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಭಾರ ಆರೋಪಿಯದು.

ಆದರೆ ಕಾನೂನನ್ನು ಓದುವವರೂ ಮನುಷ್ಯರೇ. ನಮ್ಮ ರಾಜ್ಯದ ಒಂದು ಊರಿನಲ್ಲಿ ಹೊಸದಾಗಿ ತೋಡಿದ ಕೊಳವೆಬಾವಿಯಿಂದ ದಲಿತರು ನೀರು ತುಂಬಿಕೊಳ್ಳದಂತೆ ಬಂದೂಕು ತೋರಿಸಿ ತಡೆದ ಪ್ರಕರಣದಲ್ಲಿ, ಕೆಳಗಿನ ನ್ಯಾಯಾಲಯಗಳು ವಿಧಿಸಿದ ಶಿಕ್ಷೆಯನ್ನು ಹೈಕೋರ್ಟು ರದ್ದುಪಡಿಸಿತ್ತು. ಕರ್ನಾಟಕ ರಾಜ್ಯ ವಿರುದ್ಧ ಅಪ್ಪಾ ಬಾಳು ಇಂಗಳೆ ಎಂಬ ಈ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಕೆ. ರಾಮಸ್ವಾಮಿಯವರು ಪ್ರತ್ಯೇಕ ಅಭಿಪ್ರಾಯ ಬರೆದು ಅಸ್ಪೃಶ್ಯತೆಯ ಇತಿಹಾಸವನ್ನೇ ವಿವರಿಸಿದರು.

1989ರ ದೌರ್ಜನ್ಯ ತಡೆ ಅಧಿನಿಯಮದಲ್ಲಿ ಹಳೆಯ ತೊಡಕು ಮತ್ತೆ ತಲೆಯೆತ್ತಿತು. ಅದರ ಒಂದು ಮುಖ್ಯ ಕಲಮಿನಲ್ಲಿ, ನೊಂದವರು ಪರಿಶಿಷ್ಟ ಜಾತಿಯವರೆಂಬ ‘ಕಾರಣದಿಂದ’ ಅಪರಾಧ ನಡೆದಿರಬೇಕೆಂದಿತ್ತು. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಅದನ್ನು ಬದಲಿಸಿ, ಜಾತಿಯನ್ನು ‘ಅರಿತು’ ಮಾಡಿದ್ದರೆ ಸಾಕೆಂದಿತು. 2021ರ ಪಠಾಣ್ ಜಮಾಲ್ ವಲಿ ಮೊಕದ್ದಮೆಯಲ್ಲಿ ನೊಂದವಳು ದೃಷ್ಟಿಯಿಲ್ಲದ ದಲಿತ ಹೆಣ್ಣುಮಗಳು. ಸುಪ್ರೀಂ ಕೋರ್ಟು ಕ್ರೆನ್ಶಾ ಅವರ ವಿಚಾರವನ್ನು ಎತ್ತಿಕೊಂಡು, ಜಾತಿಯೊಂದೇ ಕಾರಣವಾಗಿರಬೇಕಿಲ್ಲವೆಂದಿತು. ಅತ್ಯಾಚಾರದ ಶಿಕ್ಷೆಯನ್ನೂ ಎತ್ತಿಹಿಡಿಯಿತು. ಆದರೆ ಕೃತ್ಯ ತಿದ್ದುಪಡಿಗೆ ಹಿಂದಿನದಾದ್ದರಿಂದ, ಪುರಾವೆ ಸಾಲದೆಂದು ದೌರ್ಜನ್ಯ ತಡೆ ಅಧಿನಿಯಮದ ಕೆಳಗಿನ ಶಿಕ್ಷೆಯನ್ನು ಕೈಬಿಡಬೇಕಾಯಿತು. ಕಾನೂನಿನ ಒಂದು ಶಬ್ದದ ತೂಕ ಇಷ್ಟು!

ಹಾಗಾದರೆ ಶಬ್ದ ತಿದ್ದಿದರೆ ಸಾಕೇ? ಸಾಲದು. 2000ನೆಯ ಇಸವಿಯಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಬೆಂಕಿಗೆ ಆಹುತಿಯಾದರು. ಸಾಕ್ಷಿದಾರರು ತಿರುಗಿಬಿದ್ದುದರಿಂದ 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಕಾರಣವನ್ನು ಕಾನೂನು ತಾನಾಗಿ ಭಾವಿಸಿಕೊಂಡೀತು. ಕೃತ್ಯವನ್ನು ಕಂಡವರು ಬಂದು ಹೇಳಲೇಬೇಕು. ಹೇಳುವವನ ಬೆನ್ನಿಗೆ ಜನ ನಿಲ್ಲಬೇಕು. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರು ಮೊದಲಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿಯಂಥ ಸಂಘಟನೆಗಳ ಬೆಲೆ ಇಲ್ಲಿಯೇ ತಿಳಿಯುವುದು.

ಅಪ್ಪನ ಮಾತಿಗೆ ಈಗ ನನ್ನಲ್ಲಿ ಅರ್ಧ ಉತ್ತರವಿದೆ. ಹೋಟೆಲಿನ ಪಾತ್ರೆಗಳ ಬಳಕೆಯಲ್ಲಿ ಭೇದ ಮಾಡುವುದು 4ನೆಯ ಕಲಮಿನಂತೆ ಅಪರಾಧ. ಅಂಗಡಿಯವನು ಬಾಯಿಬಿಟ್ಟು ಏನನ್ನೂ ಅನ್ನಬೇಕಾಗಿಲ್ಲ. ಉಳಿದರ್ಧ ಉತ್ತರ ನನ್ನದಲ್ಲ. ಅಂದು ಆ ಅಂಗಡಿಯಲ್ಲಿ ಗಾಜಿನ ಗ್ಲಾಸಿನಲ್ಲಿ ಚಹಾ ಕುಡಿಯುತ್ತ ಕುಳಿತು ನಮ್ಮನ್ನು ನೋಡಿದವರು ಹತ್ತಾರು ಜನ. ಅವರಲ್ಲೊಬ್ಬನು, ‘ಹೌದು, ನಾನು ಕಂಡೆ’ ಎಂದು ನ್ಯಾಯಾಲಯದಲ್ಲಿ ಹೇಳುತ್ತಿದ್ದನೇ? ಸಹಪಾಠಿ ಮಿತ್ರರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕೆಂದು ನನ್ನ ವಿನಂತಿ.